ಮೂರು ಸೂಜಿ, ಒಂದೇ ಗೂಡು

ಮಾರ್ಚ್ ೧೦, ಸೋಮವಾರ. ಬೆಳಿಗ್ಗೆ ೭.೪೦, ಫೆರಿಯಲ್ಲಿ

ಫೆರಿ ನಡುನದಿಯಲ್ಲಿ ನಿಂತಿದೆ. ದೊಡ್ಡ ಹಡಗೊಂದು ತಿರುಗಿಕೊಳ್ಳುತ್ತಿದೆ. ಅದು ಸರಿಯುವ ತನಕ ನವೆಗಾಂತಿಸ್‌ನ ನಾವೆಲ್ಲ ಎದುರಿನ ಇತಜಾಯಿ ದಡವನ್ನು ನೋಡುತ್ತ ನಿಲ್ಲಬೇಕು. ಮೂವತ್ತೊಂದು ವರ್ಷದಿಂದ ನಿಲ್ಲುತ್ತಿದ್ದೇನೆ. ಆ ಹಡಗಿನ ಪೆಟ್ಟಿಗೆಗಳಿಗೆ ಕಸ್ಟಮ್ಸ್ ಕಾಗದಪತ್ರ ಮಾಡುವವಳು ನಾನು. ಹಾಗಂತ ಅದೇನೂ ದಾರಿ ಬಿಡುವುದಿಲ್ಲ.

ಇವತ್ತು ೨೧೨ರಿಂದ ಶುರು. ಒಟ್ಟು ೧,೧೮೦. ಬಲಗೈ ಮಣಿಕಟ್ಟು ಈಗಲೇ ನೋಯುತ್ತಿದೆ.

ಮಧ್ಯಾಹ್ನ ೧೨.೩೦

ಆಫೀಸಿನ ಅಡುಗೆಮನೆ. ಅನ್ನ, ಕಪ್ಪು ಬೀನ್ಸ್, ಒಂದು ಮೊಟ್ಟೆ. ೨೩೧ ಆಯಿತು.

ಮೊದಲು ಆಮದು ಘೋಷಣೆಗೆ ಒಂದು ಸಾಲು ಸಾಕಿತ್ತು. ‘ಹೆಣಿಗೆ ಯಂತ್ರದ ಸೂಜಿ, ಬೇರೆ ಬೇರೆ ಮಾಡೆಲ್.’ ಹೋದ ಸಲದ್ದನ್ನು ಕಾಪಿ ಮಾಡು, ಪೇಸ್ಟ್ ಮಾಡು, ಕಾಫಿ ಕುಡಿ. ಈಗ ಸರಕಾರದ ಹೊಸ ಕ್ಯಾಟಲಾಗ್. ಸರಕು ಬರುವ ಮುಂಚೆಯೇ ಪ್ರತಿ ವಸ್ತುವಿಗೂ ಅದರಲ್ಲಿ ಒಂದೊಂದು ಗೂಡು ಕಟ್ಟಬೇಕು. ಯಾವ ಲೋಹ, ಯಾವ ಬಗೆ, ಯಾವ ಯಂತ್ರಕ್ಕೆ, ಯಾವ ದೇಶದ ಯಾವ ಕಾರ್ಖಾನೆಯದ್ದು... ನನ್ನ ಮದುವೆ ನೋಂದಣಿಗೂ ಇಷ್ಟು ಕೇಳಿರಲಿಲ್ಲ. ಗೂಡಿಗೊಂದು ನಂಬರ್. ಘೋಷಣೆಯಲ್ಲಿ ಆ ನಂಬರ್ ಹಾಕಿದರೆ ಉಳಿದದ್ದೆಲ್ಲ ತಾನೇ ಬಂದು ಕೂರುತ್ತದೆ.

ಈ ೧,೧೮೦ ಎಲ್ಲ ಒಬ್ಬನೇ ಗಿರಾಕಿಯದು — ಬ್ರುಸ್ಕಿ ಊರಿನ ವಿಲ್ಮಾರ್, ಹೆಣಿಗೆ ಯಂತ್ರದ ಬಿಡಿಭಾಗ ತರಿಸುವವನು. ಅವನಿಗೂ ಅರ್ಧ ಸಾಮಾನಿನ ಹೆಸರು ಗೊತ್ತಿಲ್ಲ. ನನಗೆ ಗೊತ್ತು. ಅದಕ್ಕೇ ನನ್ನ ಮಣಿಕಟ್ಟು ನೋಯುವುದು.

ಯಜಮಾನ ಎವಾಲ್ದೊನ ಟೋಕನ್, ಅಂದರೆ ಕಂಪ್ಯೂಟರಿಗೆ ಸಿಕ್ಕಿಸುವ ಅವನ ಡಿಜಿಟಲ್ ಸಹಿ, ನನ್ನ ಡ್ರಾಯರ್‌ನಲ್ಲೇ ಇರುತ್ತದೆ. ಪಾಸ್‌ವರ್ಡ್ ಅವನ ಮೊದಲ ನಾಯಿಯ ಹೆಸರು. ಅದನ್ನು ಸಿಕ್ಕಿಸಿ ನಾನೇನು ಮಾಡಿದರೂ ಮಾಡಿದ್ದು ಎವಾಲ್ದೊ ಎಂದೇ ದಾಖಲು. ಅವನಪ್ಪ ಒತಾಸಿಲಿಯೊ ಇದ್ದಾಗ ರಬ್ಬರ್ ಸ್ಟಾಂಪ್, ಮಗನ ಕಾಲಕ್ಕೆ ಟೋಕನ್. ನಾನಂತೂ ಅದೇ ಕುರ್ಚಿ. ಈ ಆಫೀಸಿನಲ್ಲಿ ನನ್ನ ಹೆಸರು ಬರೆದದ್ದು ಹುಟ್ಟುಹಬ್ಬದ ಕೇಕಿನ ಮೇಲೆ ಮಾತ್ರ.

ಮಾರ್ಚ್ ೧೩, ಗುರುವಾರ. ಸಂಜೆ ೫.೩೦

ವಿಲ್ಮಾರ್ ಸ್ಯಾಂಪಲ್‌ಗಳನ್ನು ಶೂ ಡಬ್ಬಿಗಳಲ್ಲಿ ತುಂಬಿ ಕಳಿಸಿದ್ದಾನೆ. ಆಫೀಸೆಲ್ಲ ಯಂತ್ರದೆಣ್ಣೆಯ ವಾಸನೆ.

ತೈನಾರಾ ಮೂರು ಸೂಜಿ ಹಿಡಿದು ಬಂದಳು. ಜನವರಿಯಲ್ಲಿ ಸೇರಿದವಳು, ಇಪ್ಪತ್ತಾರು ವಯಸ್ಸು. ನಾನು ಕನ್ನಡಕ ಒರೆಸುವಷ್ಟರಲ್ಲಿ ಒಂದು ಪುಟ ಟೈಪ್ ಮಾಡಿ ಮುಗಿಸುತ್ತಾಳೆ. ಗೌರವಕ್ಕೆ ‘ದೋನಾ’ ಸೇರಿಸದೆ ನನ್ನ ಹೆಸರು ಹಿಡಿಯುವುದಿಲ್ಲ.

“ದೋನಾ ಜುರೇಮಾ, ಇವು ಮೂರೂ ಒಂದೇ ಅಲ್ವಾ?”

“ಅಲ್ಲ.”

“ಅದೇ ಉದ್ದ, ಅದೇ ಬಣ್ಣ. ಚೀಟೀಲೂ ಅದೇ ನಂಬರ್ ಇದೆ.”

“ಚೀಟಿ ಹಚ್ಚೋನು ಅರ್ಧ ಸಲ ತಪ್ಪು ಹಚ್ತಾನೆ. ಒಂದು, ಕೈಯಲ್ಲಿ ಓಡಿಸೋ ಯಂತ್ರದ್ದು, ಒಂದು ಮೋಟರಿಂದು, ಇನ್ನೊಂದು ದಪ್ಪ ಉಣ್ಣೇದು. ಅದಲು ಬದಲಾದ್ರೆ ಒಂದು ಸಾಲು ಹೆಣೆಯೋದ್ರಲ್ಲಿ ಇಪ್ಪತ್ತು ಸೂಜಿ ಮುರಿದು ಬೀಳ್ತವೆ.”

“ನಿಮಗೆ ಹೆಂಗೆ ಗೊತ್ತಾಗುತ್ತೆ?”

“ಗೊತ್ತಾಗುತ್ತೆ.”

ಕಲಿಸಿದ್ದು ಆರ್ನೊ. ವಿಲ್ಮಾರ್‌ನ ಅಂಗಡಿಯ ಹಳೆಯ ಮೆಕ್ಯಾನಿಕ್, ತೀರಿಕೊಂಡು ನಾಲ್ಕು ವರ್ಷವಾಯಿತು. ಕಣ್ಣು ಮುಚ್ಚು ಎನ್ನುತ್ತಿದ್ದ. ಸೂಜಿಯ ಕೊಕ್ಕೆಯ ಕೆಳಗೆ ಎಳ್ಳಿನಷ್ಟು ಒಂದು ನಾಲಿಗೆ ಇರುತ್ತದೆ, ಅದನ್ನು ಉಗುರಿನಿಂದ ಮೀಟಬೇಕು. ಒಂದರಲ್ಲಿ ಪಟಕ್ಕನೆ ಮಗುಚಿಕೊಳ್ಳುತ್ತದೆ. ಒಂದರಲ್ಲಿ ಅರ್ಧ ಹೋಗಿ ನಿಲ್ಲುತ್ತದೆ. ಇನ್ನೊಂದು ಬಿಗಿ, ಮುನಿಸಿಕೊಂಡವರ ಹಾಗೆ. ಅವನು ಹೇಳಿದ್ದನ್ನೆಲ್ಲ ಹಳದಿ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೇನೆ. ಇಷ್ಟು ವರ್ಷ ಯಾರೂ ಅದನ್ನು ಕೇಳಿಲ್ಲ.

ಮಾರ್ಚ್ ೧೯, ಬುಧವಾರ. ಬೆಳಿಗ್ಗೆ ೧೧.೨೦

ಎವಾಲ್ದೊನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ನಾನು ಫ್ಲಾಸ್ಕ್ ತೊಳೆಯಲು ಹೋಗುತ್ತಿದ್ದೆ. ಅವನು ಫೋನಿನಲ್ಲಿ, ಸಾಫ್ಟ್‌ವೇರ್ ಮಾರುವವನ ಹತ್ತಿರ.

“ಕ್ಯಾಟಲಾಗ್ ತುಂಬೋದೊಂದು ಮುಗೀಲಿ. ಆಮೇಲೆ ಬಟನ್ ಒತ್ತೋ ಕೆಲಸ ತಾನೇ, ತೈನಾರಾ ಒಬ್ಬಳೇ ಸಾಕು... ಜುರೇಮಾನಾ? ಜುಲೈ ತನಕ ಇಟ್ಕೋತೀನಿ. ನನಗೂ ಬೇಜಾರೇ. ಏನು ಮಾಡೋದು, ಹೇಳಿ.”

ಫ್ಲಾಸ್ಕ್ ತೊಳೆದೆ. ಎರಡು ಸಲ ತೊಳೆದೆ.

ಹನ್ನೊಂದಕ್ಕೆ ಹೊರಗೆ ಬಂದ. “ಕಾಫಿ ಇದೆಯಾ ದೋನಾ ಜುರೇಮಾ?”

“ಇದೆ.”

ಸಕ್ಕರೆ ಹಾಕಿಕೊಳ್ಳುವವನಲ್ಲ ಅವನು. ಎರಡು ಚಮಚ ಹಾಕಿ ಕೊಟ್ಟೆ. ತಪ್ಪು ಮಾಡಿದವನ ಹಾಗೆ ಮುಖ ಕಿವಿಚದೆ ಕುಡಿದ. ಆಗಲೇ ಗೊತ್ತಾಯಿತು, ಫೋನಿನಲ್ಲಿ ಹೇಳಿದ್ದು ನಿಜ.

ಮಾರ್ಚ್ ೨೦, ಗುರುವಾರ

ನನಗೆ ಐವತ್ತೊಂಬತ್ತು. ಪಿಂಚಣಿ ಸಿಗಲು ಅರವತ್ತೆರಡಾಗಬೇಕು, ಅಲ್ಲಿಯ ತನಕ ಕೆಲಸದಲ್ಲಿರಬೇಕು. ಮೂರು ವರ್ಷ. ಈ ವಯಸ್ಸಿನಲ್ಲಿ ಈ ಊರಿನಲ್ಲಿ ನನ್ನನ್ನು ಯಾರು ಕರೆದು ಕೆಲಸ ಕೊಡುತ್ತಾರೆ.

ಇವತ್ತಿಗೆ ೫೩೦. ಒಂದು ಗೂಡು ತುಂಬಿದರೆ ನನ್ನ ತಲೆಯಿಂದ ಒಂದು ಸಾಮಾನು ಖಾಲಿ. ಕೂತ ಕೊಂಬೆಯನ್ನೇ ಕಡಿಯುತ್ತಿದ್ದೇನೆ, ದಿನಕ್ಕೆ ನಲವತ್ತು ಏಟು. ಅದಕ್ಕೆ ಸಂಬಳ ಬೇರೆ.

ಏಪ್ರಿಲ್ ೨, ಬುಧವಾರ. ಮಧ್ಯಾಹ್ನ ೩.೧೫

ಸೂಜಿಗಳ ಸರದಿ ಬಂತು.

‘ಬಗೆ’ ಎಂಬಲ್ಲಿ ಒತ್ತಿದರೆ ಉದ್ದ ಪಟ್ಟಿ ಇಳಿಯುತ್ತದೆ. ಎಲ್ಲದಕ್ಕಿಂತ ಕೆಳಗೆ ‘ಇತರೆ’. ಇಷ್ಟು ದಿನ ಅದನ್ನು ಮುಟ್ಟಿರಲಿಲ್ಲ. ಮುಟ್ಟುವುದು ಸೋಮಾರಿಗಳು.

ಇವತ್ತು ಮುಟ್ಟಿದೆ. ಮೂರು ಸೂಜಿಗೆ ಮೂರು ಗೂಡು ಕಟ್ಟಬೇಕಿತ್ತು. ಒಂದೇ ಕಟ್ಟಿದೆ. ‘ಹೆಣಿಗೆ ಯಂತ್ರದ ಸೂಜಿ. ಉಕ್ಕು. ಇತರೆ.’ ಎವಾಲ್ದೊನ ಟೋಕನ್, ಎವಾಲ್ದೊನ ನಾಯಿಯ ಹೆಸರು, ಓಕೆ.

ಸುಳ್ಳೇನಲ್ಲ. ಸೂಜಿ ಹೌದು, ಉಕ್ಕೂ ಹೌದು. ಆದರೆ ನಾಳೆ ಯಾರಿಗಾದರೂ ಯಾವುದು ಯಾವುದೆಂದು ಬೇಕಾದರೆ ಈ ಕುರ್ಚಿಯ ಹತ್ತಿರವೇ ಬಂದು ಕೇಳಬೇಕು. ಕೇಳಲಿ. ಜುಲೈನಲ್ಲೂ ಕೇಳಲಿ, ಆಗಸ್ಟ್‌ನಲ್ಲೂ ಕೇಳಲಿ.

ಮುಂದಿನ ಡಬ್ಬಿ ಎಳೆದುಕೊಂಡೆ.

ಏಪ್ರಿಲ್ ೪, ಶುಕ್ರವಾರ

ಇನ್ನೂ ಒಂಬತ್ತು. ಕ್ಯಾಮ್‌ಗಳು, ಸ್ಪ್ರಿಂಗ್‌ಗಳು. ನನ್ನ ಬಿಟ್ಟರೆ ಬೇರೆ ಯಾರಿಗೂ ಗುರುತು ಸಿಗದವನ್ನೇ ಆರಿಸಿ ‘ಇತರೆ’ಗೆ ತಳ್ಳುತ್ತಿದ್ದೇನೆ. ಬೇರೆಯವಕ್ಕೆ ಎಂದಿನಂತೆ ಅಚ್ಚುಕಟ್ಟು. ಕಳ್ಳತನದಲ್ಲೂ ಅಚ್ಚುಕಟ್ಟು ಬಿಡಲಿಲ್ಲ ನಾನು.

ಏಪ್ರಿಲ್ ೧೭, ಗುರುವಾರ. ಸಂಜೆ ೪.೦೦

ಮುಗಿಯಿತು. ನಾಳೆ ಗುಡ್ ಫ್ರೈಡೆ. ಎವಾಲ್ದೊ ಕೇಕ್ ತರಿಸಿದ್ದ, ಮೇಲೆ ಕ್ರೀಮಿನಲ್ಲಿ ‘೧೧೮೦’. ನಿಜವಾಗಿ ಇರುವುದು ೧,೧೭೮. ಮೂರು ಸೂಜಿ ಒಂದೇ ಗೂಡಿನಲ್ಲಿವೆಯಲ್ಲ. ಯಾರೂ ಎಣಿಸಲಿಲ್ಲ.

“ನೀವಿಲ್ದಿದ್ರೆ ಇದು ಆಗ್ತಿರಲಿಲ್ಲ, ದೋನಾ ಜುರೇಮಾ,” ಎಂದ ಎವಾಲ್ದೊ.

“ಹೌದು,” ಎಂದೆ.

ತೈನಾರಾ ನಕ್ಕಳು, ನಾನು ತಮಾಷೆ ಮಾಡಿದೆ ಎಂದುಕೊಂಡು.

ಒಟ್ಟು ‘ಇತರೆ’ ನಲವತ್ತೊಂದು. ಹಳದಿ ನೋಟ್‌ಬುಕ್ ಮನೆಗೆ ಒಯ್ಯಲು ಚೀಲಕ್ಕೆ ಹಾಕಿಕೊಂಡೆ. ಹಬ್ಬಕ್ಕೆ ತಂಗಿ ನೆಲ್ಸಿ ಬರುತ್ತಾಳೆ, ಮೀನು ತರಬೇಕು.

ಮೇ ೧೨, ಸೋಮವಾರ. ಬೆಳಿಗ್ಗೆ, ಫೆರಿಯಲ್ಲಿ

ಮಂಜು. ದಡವೇ ಕಾಣುತ್ತಿಲ್ಲ.

ನೆಲ್ಸಿಯ ವಾಟ್ಸಾಪ್ ಆಡಿಯೊ, ಮೂರು ನಿಮಿಷದ್ದು. ಕೇಳುತ್ತ ನಿಂತೆ. ಹಿಂದೆ ಯಂತ್ರದ ಸದ್ದು, ಆದರೆ ಎಂದಿಗಿಂತ ಕಡಿಮೆ.

“ಅಕ್ಕಾ, ನಾಲ್ಕು ಮಷೀನಲ್ಲಿ ಎರಡು ನಿಂತುಹೋಗಿವೆ ಕಣೆ. ಸೂಜಿ ಇಲ್ಲ. ಇಡೀ ಬ್ರುಸ್ಕೀಲಿ ಆ ಹಳೇ ಮಷೀನಿಗೆ ಸೂಜಿ ಇಡೋನು ವಿಲ್ಮಾರ್ ಒಬ್ಬನೇ. ಅವನು ಹಡಗು ಬಂದಿದೆ, ಈ ವಾರ ಬಿಡುಗಡೆ ಆಗುತ್ತೆ ಅಂತಾನೆ. ಸ್ಕೂಲಿನ ಸ್ವೆಟರ್ ಎಂಟುನೂರು, ಮೂವತ್ತನೇ ತಾರೀಕಿಗೆ ಕೊಡ್ಬೇಕು. ನಿಮ್ಮ ಆಫೀಸಿಂದೇ ಅಲ್ವಾ ಅದರ ಕಾಗದ? ಒಂದು ಮಾತು ಹೇಳೆ. ನನ್ನ ಹೆಂಗಸ್ರು ಸುಮ್ನೆ ಕೂತಿದಾರೆ, ಪೀಸಿನ ಲೆಕ್ಕದಲ್ಲಿ ದುಡಿಯೋರು.”

ಬ್ರುಸ್ಕಿಯಲ್ಲಿ ನೆಲ್ಸಿಯದು ಸಣ್ಣ ಹೆಣಿಗೆ ಕಾರ್ಖಾನೆ, ಆರು ಜನ ಹೆಂಗಸರು. ನನ್ನ ಈ ಸ್ವೆಟರ್ ಕೂಡ ಅವಳದ್ದೇ.

‘ಇವತ್ತೇ ಘೋಷಣೆ ಹಾಕುತ್ತೇವೆ, ಗುರುವಾರಕ್ಕೆಲ್ಲ ಬರುತ್ತೆ’ ಎಂದು ಉತ್ತರ ಕಳಿಸಿದೆ. ಕಳಿಸಿದ ಮೇಲೆ ನೆನಪಾಯಿತು, ಆ ಪೆಟ್ಟಿಗೆಯಲ್ಲಿರುವುದು ಯಾವ ಸೂಜಿ, ಯಾವ ಗೂಡಿನದು ಎಂದು.

ಮಧ್ಯಾಹ್ನ ೧೨.೪೦

ತೈನಾರಾ ಎವಾಲ್ದೊನಿಂದಲೇ ಟೋಕನ್ ಹಾಕಿಸಿ ಹನ್ನೊಂದಕ್ಕೇ ಘೋಷಣೆ ದಾಖಲಿಸಿಬಿಟ್ಟಿದ್ದಾಳೆ. “ನೋಡಿ, ಒಂದೇ ಕ್ಲಿಕ್,” ಎಂದಳು. ಮಂಜಿನಿಂದ ನಾನು ತಲುಪಿದ್ದೇ ಹನ್ನೊಂದೂಕಾಲಕ್ಕೆ.

ಇನ್ನು ಕಸ್ಟಮ್ಸ್ ಕಂಪ್ಯೂಟರ್ ಅದಕ್ಕೊಂದು ಬಣ್ಣ ಆರಿಸುತ್ತದೆ; ಹಸಿರು ಬಿದ್ದರೆ ಸರಕು ಸೀದಾ ಹೊರಗೆ. ದೇವರೇ, ಹಸಿರು ಬೀಳಲಿ.

ಮೇ ೧೪, ಬುಧವಾರ. ಬೆಳಿಗ್ಗೆ ೯.೦೫

ಕೆಂಪು.

ಕೆಂಪೆಂದರೆ ಕಾಗದವನ್ನೂ ನೋಡುತ್ತಾರೆ, ಪೆಟ್ಟಿಗೆಯನ್ನೂ ಬಿಚ್ಚುತ್ತಾರೆ.

ಯಾರೂ ಇಲ್ಲದಾಗ ಕ್ಯಾಟಲಾಗ್ ತೆರೆದು ಮೂರು ಗೂಡು ಕಟ್ಟಿದೆ, ಒಂದೊಂದಕ್ಕೂ ಪೂರ್ತಿ ವಿವರ. ಹತ್ತು ನಿಮಿಷದ ಕೆಲಸ. ಅಂದೇ ಮಾಡಿದ್ದರೂ ಹತ್ತೇ ನಿಮಿಷ. ಆದರೆ ಸೋಮವಾರದ ಘೋಷಣೆ ಹಳೆಯ ಗೂಡಿಗೇ ಅಂಟಿಕೊಂಡಿದೆ. ಈಗ ಕ್ಯಾಟಲಾಗ್ ಎಷ್ಟು ತಿದ್ದಿದರೂ ಅದು ತಾನಾಗಿ ಬದಲಾಗುವುದಿಲ್ಲ. ಅಧಿಕಾರಿ ನೋಡಬೇಕು, ಕೇಳಬೇಕು, ನಾವು ಉತ್ತರ ಕೊಡಬೇಕು, ಆಮೇಲೆ ತಿದ್ದುಪಡಿ.

ಮೇ ೧೬, ಶುಕ್ರವಾರ. ಸಂಜೆ ೫.೧೦

ಅಧಿಕಾರಿಯ ನೋಟೀಸು ಬಂತು. ‘ಒಂದೇ ಉತ್ಪನ್ನವೆಂದು ಘೋಷಿಸಿದ ಪೊಟ್ಟಣಗಳಲ್ಲಿ ಒಂದಕ್ಕಿಂತ ಹೆಚ್ಚು ಬಗೆ ಇರುವಂತಿದೆ. ಬೇರ್ಪಡಿಸಿ ಗುರುತಿಸಿ.’ ಸೋಮವಾರ ಹತ್ತು ಗಂಟೆಗೆ ಗೋದಾಮಿಗೆ ಬರಬೇಕು.

ಎವಾಲ್ದೊ ನನ್ನ ಮೇಜಿನ ಹತ್ತಿರ ಬಂದು ನಿಂತ. ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಇದೇ ಮೇಜಿನ ತುದಿಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದ. ಈಗ ನನಗಿಂತ ಅವನ ತಲೆಯೇ ಹೆಚ್ಚು ನರೆತಿದೆ.

“ಮೂರನ್ನೂ ಒಂದೇ ಅಂತ ಹಾಕಿದೀವಿ. ನಿಮ್ಮಿಂದ ಇಂಥದ್ದು ಆಗಲ್ವಲ್ಲ.”

“ಸಾವಿರದ ಮೇಲೆ ಇದ್ವು. ವಯಸ್ಸಾಯ್ತು.”

“ಸರಿ ಬಿಡಿ. ವಿಲ್ಮಾರ್ ಫೋನಲ್ಲಿ ಕೂಗಾಡಿದ. ನಾನು ನೋಡ್ಕೋತೀನಿ.”

ವಯಸ್ಸಾಯ್ತು ಎಂದುಬಿಟ್ಟೆ. ಜುಲೈಗೆ ನನ್ನನ್ನು ಕಳಿಸಲು ಅವನು ಹುಡುಕುತ್ತಿದ್ದ ಕಾರಣವನ್ನು ನಾನೇ ತಟ್ಟೆಯಲ್ಲಿಟ್ಟು ಕೊಟ್ಟ ಹಾಗಾಯಿತು. ಮಾಡಿದ್ದುಣ್ಣೋ ಮಹರಾಯ.

ಮೇ ೧೭, ಶನಿವಾರ

ನೆಲ್ಸಿಯ ಕರೆ ಎರಡು ಸಲ. ಎತ್ತಲಿಲ್ಲ. ‘ಸೋಮವಾರ’ ಎಂದು ಮಾತ್ರ ಮೆಸೇಜ್ ಹಾಕಿದೆ. ಥಂಬ್ಸ್ ಅಪ್ ಕಳಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಮೇ ೧೯, ಸೋಮವಾರ. ಮಧ್ಯಾಹ್ನ ೨.೩೦

ಗೋದಾಮಿನಿಂದ ಈಗ ಬಂದೆ. ಬೆರಳ ತುದಿಗಳೆಲ್ಲ ಉರಿಯುತ್ತಿವೆ. ಇದನ್ನು ಪೂರ್ತಿ ಬರೆಯಬೇಕು, ಇಲ್ಲದಿದ್ದರೆ ನನಗೆ ಬೇಕಾದ ಹಾಗೆ ನೆನಪಿಟ್ಟುಕೊಂಡುಬಿಡುತ್ತೇನೆ.

ಹಳದಿ ಜಾಕೆಟ್ ತೊಡಿಸಿದರು. ತಗಡಿನ ಸೂರು, ದಕ್ಷಿಣದ ಗಾಳಿ, ಹಲ್ಲು ಕಟಕಟ. ಅಧಿಕಾರಿ ಹೆಂಗಸು, ನಲವತ್ತರ ಆಸುಪಾಸು, ಅವಳಿಗೂ ಸುಸ್ತು. ಮೇಜಿನ ಮೇಲೆ ಅರವತ್ತು ಪೊಟ್ಟಣ ಸುರಿದಿದ್ದರು. ಎಲ್ಲದರ ಮೇಲೂ ಒಂದೇ ಚೀಟಿ.

“ಯಾವುದು ಯಾವುದು ಅಂತ ಹೇಳೋರು ಯಾರು?” ಎಂದಳು.

ಎವಾಲ್ದೊ ನನ್ನ ಕಡೆ ನೋಡಿದ.

ಶುರು ಮಾಡಿದೆ. ಪೊಟ್ಟಣ ಬಿಚ್ಚು, ಒಂದು ಸೂಜಿ ತೆಗೆ, ಉಗುರಿನಿಂದ ನಾಲಿಗೆ ಮೀಟು. ಪಟಕ್ಕೆಂದರೆ ಎಡಕ್ಕೆ. ಅರ್ಧ ನಿಂತರೆ ನಡುವೆ. ಬಿಗಿಯಿದ್ದರೆ ಬಲಕ್ಕೆ. ಹತ್ತನೆಯ ಪೊಟ್ಟಣದ ಹೊತ್ತಿಗೆ ಅವಳೂ ಒಂದು ಕೈಗೆತ್ತಿಕೊಂಡು ಮೀಟಿ ನೋಡಿದಳು.

“ನನಗೆಲ್ಲಾ ಒಂದೇ ಥರ ಇವೆ.”

“ಕಣ್ಣು ಮುಚ್ಚಿ, ಮೇಡಂ.”

ಮುಚ್ಚಿದಳು. ಆಗಲೂ ಗೊತ್ತಾಗಲಿಲ್ಲ. ನನ್ನ ಇಪ್ಪತ್ತೊಂದನೆಯ ಪೊಟ್ಟಣವನ್ನು ತಾಳೆ ನೋಡಲು ಅಳತೆಯ ಉಪಕರಣ ತರಿಸಿದಳು. ಸರಿ ಇತ್ತು. ಇನ್ನೊಂದು ನೋಡಿದಳು. ಅದೂ ಸರಿ ಇತ್ತು. ಆಮೇಲೆ ಅಳೆಯುವುದನ್ನು ಬಿಟ್ಟು ಸುಮ್ಮನೆ ನನ್ನ ಕೈ ನೋಡುತ್ತ ನಿಂತಳು.

ಎರಡು ಗಂಟೆ ಹಿಡಿಯಿತು. ಕೊನೆಗೆ ಎವಾಲ್ದೊನ ಕಡೆ ತಿರುಗಿ ಕೇಳಿದಳು.

“ಕ್ಯಾಟಲಾಗ್ ಮಾಡಿದ್ದು ಯಾರು? ಈ ಅಮ್ಮನ್ನ ಒಂದು ಮಾತು ಕೇಳಿದ್ರೆ ಇಷ್ಟು ಪಾಡೇ ಇರ್ತಿರಲಿಲ್ವಲ್ಲ.”

“ನಾನೇ, ಮೇಡಂ. ಅವಸರದಲ್ಲಿ ಮೂರೂ ಒಂದೇ ಅಂದ್ಕೊಂಡ್ಬಿಟ್ಟೆ. ದಾಖಲೆ ನನ್ನ ಹೆಸರಲ್ಲೇ ಇದೆ, ನೋಡಿ.”

“ನೋಡಿದೆ. ಇಂಥೋರು ಪಕ್ಕದಲ್ಲೇ ಇರೋವಾಗ ಕೇಳ್ಬಾರ್ದಾ?”

“ಕೇಳ್ಬೇಕಿತ್ತು,” ಎಂದ.

ನಾನು ಹತ್ತಿರದಲ್ಲೇ ಇದ್ದೆ, ಎರಡು ಹೆಜ್ಜೆ ದೂರದಲ್ಲಿ. ಸೂಜಿಗಳನ್ನು ಪೊಟ್ಟಣಕ್ಕೆ ತುಂಬುತ್ತಿದ್ದೆ. ಬಾಯಿ ತೆರೆಯಲಿಲ್ಲ. ಕಾರಿನಲ್ಲಿ ಬರುವಾಗ ಹೀಟರ್ ನನ್ನ ಕಡೆ ತಿರುಗಿಸಿದ. “ಕೈ ಬೆಚ್ಚಗೆ ಮಾಡ್ಕೊಳ್ಳಿ.” ಆಗಲೂ ತೆರೆಯಲಿಲ್ಲ.

ನಾಚಿಕೆಯಾಗುತ್ತಿದೆ. ಬೇರೆ ಪದ ಹುಡುಕುವುದು ಬೇಡ.

ಮೇ ೨೩, ಶುಕ್ರವಾರ. ಮಧ್ಯಾಹ್ನ ೧೨.೫೦

ಸೂಜಿ ಬ್ರುಸ್ಕಿ ತಲುಪಿದೆ. ಎಂಟು ದಿನ ತಡ. ನೆಲ್ಸಿ ತಾನೇ ಫೋನ್ ಮಾಡಿದಳು. ಈ ಸಲ ಎತ್ತಿದೆ.

“ವಿಲ್ಮಾರ್ ಎಲ್ಲಾ ಹೇಳಿದ ಕಣೆ. ನಿಮ್ಮ ಯಜಮಾನ ಏನೋ ಎಡವಟ್ಟು ಮಾಡಿದ್ನಂತೆ, ನೀನು ಚಳೀಲಿ ನಿಂತು ಬೆರಳಲ್ಲೇ ಆರಿಸಿ ಕೊಟ್ಟೆಯಂತೆ. ನನ್ನ ಅಕ್ಕ ಕಣ್ರೀ ಅಂದೆ ನಮ್ಮ ಹೆಂಗಸ್ರಿಗೆಲ್ಲ.”

“ಸ್ವೆಟರ್ ಏನಾಯ್ತು?”

“ನಾನೂರು ನಮಗೆ ಉಳೀತು. ಇನ್ನು ನಾನೂರು ಬೇರೆಯೋರಿಗೆ ಕೊಟ್ಬಿಟ್ರು. ಹೋಗ್ಲಿ ಬಿಡು.”

“ಹೆಂಗಸ್ರು?”

“ಇಬ್ರು ಟವೆಲ್ ಫ್ಯಾಕ್ಟರಿ ಸೇರ್ಕೊಂಡ್ರು. ಏನು ಮಾಡ್ತಾರೆ, ಮಕ್ಕಳಿರೋರು, ಎಷ್ಟು ದಿನಾಂತ ಕಾಯ್ತಾರೆ. ಕ್ಲೇಯಾ ಹೋಗೋವಾಗ ಅತ್ತಳು, ಹದಿನಾಲ್ಕು ವರ್ಷದಿಂದ ಇದ್ದೋಳು. ಅಕ್ಕ, ಇದೀಯಾ?”

“ಇದೀನಿ.”

“ಭಾನುವಾರ ಬಾ. ಕೋಳಿ ಮಾಡ್ತೀನಿ.”

ಹದಿನಾಲ್ಕು ವರ್ಷ. ನನ್ನ ಮೂರು ವರ್ಷ ಉಳಿಸಿಕೊಳ್ಳಲು ಹೋಗಿ ಇನ್ನೊಬ್ಬಳ ಹದಿನಾಲ್ಕು ವರ್ಷಕ್ಕೆ ಕೈ ಹಾಕಿದೆ. ಅವಳ ಮುಖ ನೋಡಿದ್ದೇನೆ — ನೆಲ್ಸಿಯ ಮನೆಯಲ್ಲಿ ಒಮ್ಮೆ ನನ್ನ ಅಂಗಿಯ ಗುಂಡಿ ಹೊಲಿದುಕೊಟ್ಟವಳು.

ಭಾನುವಾರ ಹೋಗಲಿಲ್ಲ ಎಂದು ಈಗಲೇ ಬರೆದಿಡುತ್ತೇನೆ. ಹೋಗಲಾರೆ.

ಮೇ ೨೬, ಸೋಮವಾರ. ಬೆಳಿಗ್ಗೆ ೧೧.೦೦

ಹೇಳಿದೆ.

ಹಳದಿ ನೋಟ್‌ಬುಕ್ ತೆಗೆದುಕೊಂಡು ಹೋಗಿ ಅವನ ಮೇಜಿನ ಮೇಲಿಟ್ಟೆ. ಬಾಗಿಲು ಹಾಕಿದೆ. ಮೂವತ್ತೊಂದು ವರ್ಷದಲ್ಲಿ ಆ ಬಾಗಿಲನ್ನು ಒಳಗಿನಿಂದ ನಾನು ಹಾಕಿದ್ದು ಇದೇ ಮೊದಲು.

“ಸೂಜಿ ಒಂದೇ ಗೂಡಿಗೆ ಹೋಗಿದ್ದು ತಪ್ಪಿ ಅಲ್ಲ, ಎವಾಲ್ದೊ. ಗೊತ್ತಿದ್ದೇ ಹಾಕಿದೆ. ಇನ್ನೂ ನಲವತ್ತಿವೆ ಹಾಗೆ.”

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ನೋಟ್‌ಬುಕ್ ತೆರೆದ. ಆರ್ನೊನ ಚಿತ್ರಗಳು, ನನ್ನ ಅಕ್ಷರ. ಪುಟ ತಿರುವಿದ, ತಿರುವಿದ.

“ಯಾಕೆ?”

“ಜುಲೈ.”

ಕುರ್ಚಿಗೆ ಒರಗಿದ. “ಕೇಳಿಸ್ಕೊಂಡ್ರಾ.”

“ಬಾಗಿಲು ಅರ್ಧ ತೆಗೆದಿತ್ತು.”

“ಅದಕ್ಕೇ ಆವತ್ತು ಕಾಫೀಲಿ ಸಕ್ಕರೆ.”

ಹೊರಗೆ ಹಡಗು ಕೂಗಿತು. ಅವನು ನೋಟ್‌ಬುಕ್ ಮುಚ್ಚಿದ.

“ನೀವು ಹೇಳ್ದೇ ಇದ್ದಿದ್ರೆ ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ.”

“ಗೊತ್ತು.”

“ಮತ್ತೆ ಯಾಕೆ ಹೇಳಿದ್ರಿ?”

“ಆ ಅಧಿಕಾರಿ ಮುಂದೆ ‘ನಾನೇ’ ಅಂದ್ಯಲ್ಲ. ಅದಕ್ಕೆ.”

“ಹೆಸರು ನಂದೇ ಇತ್ತಲ್ಲ, ಇನ್ನೇನು ಅನ್ಲಿ,” ಎಂದ. ದನಿ ಗಟ್ಟಿಯಾಯಿತು. “ಅಪ್ಪನೂ ಹೀಗೇ ಮಾಡ್ತಿದ್ದ. ಗಿರಾಕಿಗಳ ವಿಷಯ ಒಂದೂ ಬರೆದಿಡ್ತಿರಲಿಲ್ಲ, ಎಲ್ಲ ತಲೇಲಿ. ನಾನಿಲ್ದೆ ನಡೀಬಾರ್ದು ಅಂತ. ಸತ್ತ, ಮೂರು ಗಿರಾಕಿ ಅವನ ಜೊತೇನೇ ಹೋದ್ರು. ನಿಮ್ಮನ್ನ ನಂಬಿದ್ದೆ ನಾನು, ದೋನಾ ಜುರೇಮಾ. ಈ ಟೋಕನ್ ಯಾರ ಕೈಗೂ ಕೊಟ್ಟಿಲ್ಲ, ನನ್ನ ಹೆಂಡ್ತಿಗೂ.”

ಅಳು ಬಂತು. ಅವನ ಮುಂದೆ ಅಳಲಿಲ್ಲ. ಟೋಕನ್ ಜೇಬಿನಲ್ಲೇ ಇತ್ತು, ತೆಗೆದು ನೋಟ್‌ಬುಕ್ ಮೇಲಿಟ್ಟೆ.

“ಇವತ್ತೇ ಹೋಗ್ಲಾ?”

“ಮೊದಲು ಆ ನಲವತ್ತು ಸರಿ ಮಾಡಿ,” ಎಂದ. ನನ್ನ ಮುಖ ನೋಡಿ ಹೇಳಲಿಲ್ಲ.

ಮೇ ೨೯, ಗುರುವಾರ

ನಾನು ನೋಟ್‌ಬುಕ್ ನೋಡಿ 'ಇತರೆ'ಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತೇನೆ, ತೈನಾರಾ ಟೈಪ್ ಮಾಡುತ್ತಾಳೆ. ಟೋಕನ್ ಈಗ ಎವಾಲ್ದೊನ ಜೇಬಿನಲ್ಲಿ. ದಾಖಲಿಸುವಾಗ ಬಂದು ಸಿಕ್ಕಿಸುತ್ತಾನೆ, ಆಗುತ್ತಲೇ ಕಿತ್ತುಕೊಂಡು ಹೋಗುತ್ತಾನೆ. ಪಾಸ್‌ವರ್ಡ್ ಬದಲಾಗಿದೆ.

ತೈನಾರಾ ಏನನ್ನೂ ಕೇಳಲಿಲ್ಲ. ಇವತ್ತು ಮಧ್ಯಾಹ್ನ ತನ್ನ ಡಬ್ಬಿಯಿಂದ ಎರಡು ಚೀಸ್ ಬನ್ನು ನನ್ನ ತಟ್ಟೆಗೆ ಹಾಕಿದಳು. ಅಂದರೆ ಗೊತ್ತಿದೆ.

ಕಾಫಿ ಮಾಡುತ್ತೇನೆ. ಸಕ್ಕರೆ ಇಲ್ಲ. ಎವಾಲ್ದೊ ಕುಡಿಯುತ್ತಾನೆ, ಥ್ಯಾಂಕ್ಸ್ ಎನ್ನುತ್ತಾನೆ. ಅಷ್ಟೇ.

ಜೂನ್ ೬, ಶುಕ್ರವಾರ. ಸಂಜೆ ೪.೪೫

ಹನ್ನೊಂದು ದಿನದ ಮೇಲೆ ಮೇಜಿನ ಹತ್ತಿರ ಬಂದು ನಿಂತ. ಒಂದು ಚೀಟಿ ಇಟ್ಟ. ವಿಳಾಸ, ಹೊತ್ತು.

“ಮಂಗಳವಾರ ಇಲ್ಲಿಗೆ ಹೋಗಿ. ನಿಮ್ಮ ಹೆಸರಲ್ಲೇ ಟೋಕನ್ ಮಾಡಿಸ್ತಾರೆ. ಗುರುತಿನ ಚೀಟಿ ತಗೊಂಡು ಹೋಗಿ.”

“ನನ್ನ ಹೆಸರಲ್ಲಾ?”

“ಇನ್ಮೇಲೆ ನೀವು ಹಾಕಿದ್ದು ನಿಮ್ಮ ಹೆಸರಲ್ಲಿ, ನಾನು ಹಾಕಿದ್ದು ನನ್ನ ಹೆಸರಲ್ಲಿ. ಮೊದಲೇ ಹೀಗೆ ಇರ್ಬೇಕಿತ್ತು. ಅದು ನನ್ನ ತಪ್ಪು, ಅಪ್ಪಂದೂ ಹೌದು.”

“ಜುಲೈ?”

“ಜುಲೈ ವಿಷಯ ಬಿಡಿ ಈಗ. ಬೇರೆ ಗಿರಾಕಿಗಳ ಕ್ಯಾಟಲಾಗ್‌ಗಳಿವೆ.”

ಎಷ್ಟು ದಿನದ ಮಟ್ಟಿಗೆ ಎಂದು ಕೇಳಬೇಕಿತ್ತು. ಕೇಳಲು ಮುಖವಿರಲಿಲ್ಲ.

ಜೂನ್ ೧೦, ಮಂಗಳವಾರ. ಮಧ್ಯಾಹ್ನ ೧.೨೦

ಫೋಟೊ ತೆಗೆದರು. ಬೆರಳಚ್ಚು ತೆಗೆದರು. ಹೆಬ್ಬೆರಳು ನಾಲ್ಕು ಸಲ, ತೋರುಬೆರಳು ಐದು ಸಲ ಒತ್ತಿಸಿಕೊಂಡಿತು ಯಂತ್ರ. ಗುರುತು ಸಿಗಲಿಲ್ಲ.

“ಬೆರಳು ಸವೆದುಹೋಗಿವೆ, ಆಂಟಿ. ತುಂಬಾ ಪಾತ್ರೆ ತೊಳೀತೀರಾ?” ಎಂದಳು ಕೌಂಟರಿನ ಹುಡುಗಿ.

“ಕಾಗದ,” ಎಂದೆ.

ಕೊನೆಗೆ ಎಡಗೈ ಕಿರುಬೆರಳನ್ನು ಒಪ್ಪಿಕೊಂಡಿತು. ಆಮೇಲೆ ಅವಳು ಕೇಳಿದಳು.

“ಟೋಕನ್ ಒಂದು ವರ್ಷದ್ದು ಬೇಕಾ, ಮೂರು ವರ್ಷದ್ದಾ?”

ಮೂರು ಎನ್ನಲು ಬಾಯಿ ತೆರೆದೆ. ಪಿಂಚಣಿಗೆ ಸರಿಯಾಗಿ ಮೂರು. ಅಷ್ಟರಲ್ಲಿ ಅವಳು ಪರದೆ ನೋಡಿದಳು.

“ಓ, ನಿಮ್ಮ ಆಫೀಸಿನೋರು ಆಗಲೇ ಬರೆದಿದಾರೆ. ಒಂದು.”

ಫೆರಿ ದಂಡೆಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಸಿಟ್ಟು ಬರಲಿಲ್ಲ. ನಾನು ಎವಾಲ್ದೊ ಆಗಿದ್ದರೆ ಅಷ್ಟನ್ನೂ ಕೊಡುತ್ತಿರಲಿಲ್ಲವೇನೋ. ಆದರೂ ಒಂದು ಎಂದರೆ ಒಂದೇ. ಉಳಿದೆರಡು ವರ್ಷ ಎಲ್ಲಿಂದ ತರಲಿ.

ಜೂನ್ ೧೧, ಬುಧವಾರ. ಬೆಳಿಗ್ಗೆ ೧೦.೩೦

ನನ್ನ ಟೋಕನ್. ನನ್ನದೇ ಪಾಸ್‌ವರ್ಡ್, ನಾಯಿಯ ಹೆಸರಲ್ಲ.

ಮೊದಲು ಸೂಜಿಯ ಗೂಡುಗಳನ್ನೇ ತೆರೆದೆ. ಆರ್ನೊ ಹೇಳಿಕೊಟ್ಟ ನಾಲಿಗೆಯ ವಿಷಯವನ್ನು ಮೂರಕ್ಕೂ ಸೇರಿಸಿದೆ — ಒಂದು ಪಟಕ್ಕನೆ, ಒಂದು ಅರ್ಧ, ಒಂದು ಬಿಗಿ. ಯಾವ ಕಾಲಮ್ಮೂ ಇಷ್ಟನ್ನು ಕೇಳುವುದಿಲ್ಲ. ಆದರೂ ಬರೆದೆ. ಓಕೆ ಒತ್ತಿದೆ. ಕೆಳಗೆ ಸಣ್ಣಕ್ಷರದಲ್ಲಿ ದಾಖಲಿಸಿದವರು: ಜುರೇಮಾ ಆಲ್ವಿಸ್ ಪೆಶೊಟು. ಎರಡು ಸಲ ಓದಿದೆ. ಇಷ್ಟು ಉದ್ದದ ಹೆಸರೆಂದು ನನಗೇ ಮರೆತುಹೋಗಿತ್ತು.

ಎವಾಲ್ದೊ ಹಾದುಹೋಗುತ್ತ ಪರದೆ ನೋಡಿದ. ನೋಡಿದ, ಅಷ್ಟು ಸಾಕು ಇವತ್ತಿಗೆ.

ಮಧ್ಯಾಹ್ನ ೩.೦೦

ಒಂದು ವಾರದಿಂದ ಊಟದ ಬಿಡುವಿನಲ್ಲಿ ತೈನಾರಾ ಕಣ್ಣು ಮುಚ್ಚಿಕೊಂಡು ಸ್ಯಾಂಪಲ್ ಸೂಜಿ ಮೀಟುತ್ತ ಕೂರುತ್ತಿದ್ದಾಳೆ. ನಾನು ಕಲಿಸಿಲ್ಲ, ನೋಟ್‌ಬುಕ್ ಓದಿ ತಾನೇ ಶುರು ಮಾಡಿದ್ದು. ಉದ್ದ ಉಗುರು ಕತ್ತರಿಸಿಕೊಂಡಿದ್ದಾಳೆ. ನಿನ್ನೆ ಹತ್ತರಲ್ಲಿ ಆರು ಸರಿ ಹೇಳಿದಳಂತೆ.

ಈಗ ಕರೆಯುತ್ತಿದ್ದಾಳೆ. ಕಣ್ಣಿಗೆ ನನ್ನದೇ ಸ್ಕಾರ್ಫ್ ಕಟ್ಟಿಕೊಂಡು ಕೂತಿದ್ದಾಳೆ, ಮುಂದೆ ಹತ್ತು ಸೂಜಿ. “ಬನ್ನಿ ದೋನಾ ಜುರೇಮಾ, ಇವತ್ತು ನೀವೇ ಚೆಕ್ ಮಾಡಿ.” ಬೆರಳು ಹಿಡಿಯುವ ರೀತಿ ತಪ್ಪಿದೆ, ಇಲ್ಲಿಂದಲೇ ಕಾಣುತ್ತದೆ. ಸ್ವಲ್ಪ ಕೆಳಗೆ ಹಿಡಿಯಬೇಕು, ಹಾಗೆ ಹಿಡಿದರೆ ಹತ್ತಕ್ಕೆ ಹತ್ತೂ ಬರುತ್ತದೆ.

ಹೋಗಿ ತೋರಿಸುತ್ತೇನೆ. ತೋರಿಸಿದ ಮೇಲೆ ಅವಳು ಹತ್ತೂ ಸರಿಯಾಗಿ ಹೇಳಿಬಿಟ್ಟರೆ, ಈ ಕುರ್ಚಿಯ ಹತ್ತಿರ ಬಂದು ಕೇಳುವವರೇ ಇರುವುದಿಲ್ಲ. ಇರಲಿ, ಹೊರಟೆ.